ಸೊನ್ನೆ ಅನುಮಾನದ ಅಂಕಿ

ಗುರುಕಿರಣನಿಗೆ ಜೀವನದಲ್ಲಿ ಪೂರ್ತಿ ನಂಬಿಕೆ ಇದ್ದದ್ದು ಒಂದೇ ಅಂಕಿಯ ಮೇಲೆ: ಲೆಕ್ಕದ ಸಾಫ್ಟ್‌ವೇರು ತಾನಾಗಿ ಕೊಡುವ ಭೂಮಿಯ ಗುರುತ್ವಾಕರ್ಷಣೆ, 9.80665. ಉಳಿದ ಅಂಕಿಗಳ ಪಕ್ಕದಲ್ಲೆಲ್ಲ ಇಷ್ಟು ಹೆಚ್ಚುಕಮ್ಮಿ ಇರಬಹುದು ಎಂಬ ಅನುಮಾನದ ಬಾಲ ಇರುತ್ತಿತ್ತು. ಇದರ ಪಕ್ಕ ಮಾತ್ರ ಸೊನ್ನೆ. ಇಂಥದ್ದನ್ನು ನಂಬದೆ ಇನ್ನಾರನ್ನು ನಂಬುವುದು?

ಕೆ.ಆರ್. ಪುರದ ಸಣ್ಣ ಲ್ಯಾಬೊಂದರಲ್ಲಿ ತೂಕದ ಬಿಲ್ಲೆ ಹೇರಿ ಒತ್ತಡದ ಗೇಜುಗಳನ್ನು ಪರೀಕ್ಷಿಸುವುದು ಅವನ ಕೆಲಸ. ಆರು ತಿಂಗಳ ಪ್ರೊಬೇಷನ್ ಅಂದೇ ಮುಗಿಯುತ್ತಿತ್ತು. ಸಂಜೆ ಮ್ಯಾನೇಜರ್ ವಿಮಲಾಕ್ಷಿ ಕಾಯಂ ಪತ್ರಕ್ಕೆ ಸಹಿ ಹಾಕಬೇಕು. ಬೆಳಿಗ್ಗೆಯೇ ಶಿವಾಜಿನಗರದ ಗೇಜು ವ್ಯಾಪಾರಿ ಅನೀಸ್ ಬಂದು ಕೂತ.

"ಮೊನ್ನೆ ಎರಡು ಫೇಲ್ ಮಾಡಿದ್ರಿ ಸಾರ್. ಇದು ಮೂರನೇದು, ಡಬ್ಬಿ ಈಗ್ತಾನೇ ಒಡ್ದಿದ್ದು. ಇದೂ ಫೇಲಾದ್ರೆ ಅಂಗ್ಡಿ ಮುಚ್ಚಿ ಇಲ್ಲೇ ಮಲ್ಕೊಂಬಿಡ್ತೀನಿ."

ಫೇಲಾಯಿತು. ಅದೇ ಕೂದಲೆಳೆಯಷ್ಟು ಕಮ್ಮಿ; ದಿನಾ ಬರುವ ಒರಟು ಗೇಜುಗಳಲ್ಲಿ ನಡೆದುಹೋಗುವಷ್ಟು, ಇಂಥ ಸೂಕ್ಷ್ಮ ಗೇಜಿನಲ್ಲಿ ನಡೆಯದಷ್ಟು. ಗದ್ದಲ ಕೇಳಿ ಹೊರಬಂದ ವಿಮಲಾಕ್ಷಿ, "ನಮ್ಮ ಮಾಸ್ಟರ್ ಗೇಜ್ ಹಾಕಿ ನೋಡ್ರೀ," ಎಂದರು. ಉಳಿದೆಲ್ಲ ಗೇಜುಗಳಿಗೆ ಅಳತೆಗೋಲಾಗಿದ್ದ ಅದೂ ಫೇಲು.

ಗಾಳಿಗೆ ಬಿಲ್ಲೆ ಅಲುಗುತ್ತಿರಬಹುದೆಂದು ಪಕ್ಕದ ಮೇಜಿನ ಬುಷ್ರಾ ಫ್ಯಾನ್ ಆರಿಸಿದಳು. ಸ್ಟೋರಿನ ರಾಮಾಂಜಿನಪ್ಪ ಮೇಜಿನ ಕಾಲಿಗೆ ರಟ್ಟು ತುರುಕಿ, "ರೈಲು ಹೋಗೋವಾಗ ಅಲ್ಲಾಡುತ್ತೆ ಗುರು, ಎಲ್ಲಾ ಸ್ಟೇಷನ್ನಿಂದ್ಲೇ," ಎಂದು ತೀರ್ಪು ಕೊಟ್ಟ. ಅನೀಸ್ ತನ್ನ ಕರ್ಚೀಫಿನಿಂದಲೇ ಬಿಲ್ಲೆಗಳನ್ನು ಒರೆಸತೊಡಗಿದ. ಗುರುಕಿರಣ ಮದುವೆ ಮನೆಯಲ್ಲಿ ತಾಳಿ ಕಳೆದುಕೊಂಡವನಂತೆ ಬೆವರುತ್ತ ಲೆಕ್ಕಗಳನ್ನು ತಡಕಾಡಿದ.

ಮೂರು ಗಂಟೆಗೆ ಸಿಕ್ಕಿತು. 9.80665 ಎಂಬುದು ಜಗತ್ತಿನವರೆಲ್ಲ ಕೂಡಿ ಒಪ್ಪಿಕೊಂಡ ಅಂಕಿ. ಒಪ್ಪಂದದಲ್ಲಿ ಅನುಮಾನ ಎಲ್ಲಿಂದ ಬರಬೇಕು? ಆದರೆ ಬೆಂಗಳೂರಿನ ನೆಲ ಆ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಇಲ್ಲಿ ಅದು 9.78ರ ಆಸುಪಾಸು; ಬಿಲ್ಲೆಗಳು ಲೆಕ್ಕಕ್ಕಿಂತ ಅಷ್ಟು ಕಮ್ಮಿಯೇ ಒತ್ತುತ್ತಿದ್ದವು. ಅವನು ಅಂಕಿ ಬದಲಿಸಿದ. ಮಾಸ್ಟರ್ ಪಾಸು, ಅನೀಸನದೂ ಪಾಸು.

"ಗೇಜ್ ಸರಿಯಾಗೇ ಇತ್ತು ಮೇಡಂ! ನನ್ನ ಅಂಕಿನೇ ತಪ್ಪು!" ಎಂದು ಬಹುಮಾನ ಬಂದವನಂತೆ ಕೂಗಿದ. ತಾನು ಕೂಗಿದ್ದು ಏನನ್ನು ಎಂಬುದು ಬಾಯಿ ಮುಚ್ಚಿದ ಮೇಲೆ ಹೊಳೆಯಿತು.

ವಿಮಲಾಕ್ಷಿ ಸಿಟ್ಟಾಗಲಿಲ್ಲ. "ಭೇಷ್. ತನ್ನ ತಪ್ಪು ತಾನೇ ಹುಡುಕೋರು ಎಲ್ಲಿ ಸಿಗ್ತಾರ್ರೀ," ಎನ್ನುತ್ತ ಕಾಯಂ ಪತ್ರ ತೆಗೆದು, ಪೆನ್ನು ಬಿಚ್ಚಿದರು. ಗುರುಕಿರಣನಿಗೆ ಹೋದ ಜೀವ ಬಂದಂತಾಯಿತು. ಸಹಿ ಹಾಕುವ ಮುನ್ನ ಅವರು ತಲೆಯೆತ್ತಿ ಕೇಳಿದರು, "ಅಂದ್ಹಾಗೆ, ಈ ತಪ್ಪು ಅಂಕಿ ಯಾವಾಗಿಂದ ಇದೆ?"

"ನಾನು ಸೇರಿದ ದಿನದಿಂದ, ಮೇಡಂ."

"ಹಾಗಾದ್ರೆ ಅವತ್ತಿನ ಗೇಜಿಂದ್ಲೇ ಎಲ್ಲಾ ಮತ್ತೆ ಶುರು ಮಾಡಿ," ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಪ್ರೊಬೇಷನ್ನೂ ಅಲ್ಲಿಂದ್ಲೇ."