ಭಾಷಣ ಮುಗಿದ ಮೇಲೆ ಸ್ಟಾರ್ಟ್ ಆಗದ ಗಾಡಿ

ಯಾರ ಎದುರು ನಾವು ಎದೆಯುಬ್ಬಿಸಿ ನಿಂತಿರುತ್ತೇವೋ, ನಮ್ಮ ಗಾಡಿ ಅವರ ಎದುರೇ ಕೈಕೊಡುತ್ತದೆ. ಮನೆಯ ಕೆಳಗೆ ಕೈಕೊಡುವುದಿಲ್ಲ. ಮೆಕ್ಯಾನಿಕ್ಕಿನ ಅಂಗಡಿ ಮುಂದಂತೂ ಅದರಷ್ಟು ಆರೋಗ್ಯವಂತ ಗಾಡಿ ಇನ್ನೊಂದಿಲ್ಲ. ಇದು ನನಗೆ ಒಮ್ಮೆ ಆದದ್ದಲ್ಲ, ಒಂದಿಡೀ ಮಳೆಗಾಲ ಆಗುತ್ತಲೇ ಇತ್ತು.

ಹೊಟ್ಟೆಪಾಡಿಗೆ ನಾನು ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಹಣ ಎಣಿಸುವ ಗಲ್ಲೆಯ ಮೇಲೆ ಕೂರುತ್ತೇನೆ. ಉಳಿದ ಹೊತ್ತಿನ ಕೆಲಸ ಜಗಳ. ಮನೆಮನೆಗೆ ಪಾರ್ಸಲ್ ಮುಟ್ಟಿಸುವ ಬೈಕ್ ಸವಾರರ ಪರವಾಗಿ ಜಗಳ. ಕಾನೂನನ್ನು ನಾನು ಕಾಲೇಜಿನಲ್ಲಿ ಓದಿಲ್ಲ, ಬೈಸಿಕೊಂಡು ಕಲಿತೆ. ಆ ವರ್ಷ ನಮ್ಮ ಜಗಳ ಭಿವಂಡಿಯ ಒಂದು ಗೋದಾಮಿನ ಜೊತೆ ಇತ್ತು. ಒಳಗೆ ರಟ್ಟಿನ ಡಬ್ಬಕ್ಕೆ ಸೂರಿದೆ, ಫ್ಯಾನಿದೆ. ಆ ಡಬ್ಬ ಹೊರುವವನಿಗೆ ಗೇಟಿನಾಚೆಗಿನ ಗಟಾರದ ಅಂಚು. ನಾವು ಕೇಳಿದ್ದು ಮೂರೇ: ತಲೆಯ ಮೇಲೊಂದು ಶೀಟು, ಕುಡಿಯಲು ನೀರು, ಒಂದು ಶೌಚಾಲಯ. ಇದಕ್ಕೂ ಭಾಷಣ ಮಾಡಬೇಕಾಗಿ ಬಂತು.

ಪ್ರತಿ ಸೋಮವಾರ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದೆ. ಗಾಡಿಯ ಹ್ಯಾಂಡಲ್ಲಿನಿಂದ ಹಿಂದಿನ ಸೀಟಿನವರೆಗೆ ನಮ್ಮ ಬೇಡಿಕೆಗಳ ಬ್ಯಾನರ್ ಕಟ್ಟಿ, ಅದರ ಮುಂದೆ ನಿಂತು ಮಾತಾಡುವುದು ನನ್ನ ಪದ್ಧತಿ. ವೇದಿಕೆಗೆ ಬೇರೆ ಖರ್ಚಿಲ್ಲ.

ಆಡಳಿತದವರು ಒಪ್ಪಿದ ಮೊದಲ ಕೆಲಸ

ಮೊದಲ ಸೋಮವಾರ ಮಳೆ ಬಿಟ್ಟಿತ್ತು. ಮ್ಯಾನೇಜರ್ ಮಹಡಿಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ. ಮೈಸೂರಿನ ಕಡೆಯ ಯುವಕ, ನವಿ ಮುಂಬೈಯಿಂದ ಕಾರಿನಲ್ಲಿ ಬಂದು ಹೋಗುವವನು. ಅವನಿಗೆ ಅರ್ಥವಾಗಲೆಂದು ಹಿಂದಿಯ ನಡುವೆ ನಾಲ್ಕು ಮಾತು ಕನ್ನಡದಲ್ಲೂ ಬೈದೆ. ಒಪ್ಪದಿದ್ದರೆ ಈ ಗೇಟಿನಿಂದ ಒಂದು ಗಾಡಿಯೂ ಅಲುಗದು ಎಂದು ಗುಡುಗಿ, ಬ್ಯಾನರ್ ಮಡಚಿ, ಸೆಲ್ಫ್ ಒತ್ತಿದೆ. ಗಾಡಿ ಟಕ್ ಎಂದಿತು. ಮತ್ತೆ ಒತ್ತಿದರೆ ಟಕ್ಕೂ ಇಲ್ಲ. ನಾನು ಹೇಳಿದ ಮಾತನ್ನು ಪಾಲಿಸಿದ್ದು ನನ್ನ ಗಾಡಿಯೊಂದೇ.

ಸವಾರರು ಪಾರ್ಸಲ್ ಹೊತ್ತು ಆಗಲೇ ಚದುರಿದ್ದರು. ಮ್ಯಾನೇಜರ್ ಕೆಳಗಿಳಿದು ಬಂದ, ವಾಚ್‌ಮನ್ನನ್ನೂ ಕರೆದ.

"ಸೆಕೆಂಡ್ ಗೇರಿಗೆ ಹಾಕ್ಕೊಳ್ಳಿ ಸಾರ್, ನಾವು ತಳ್ತೀವಿ" ಅಂದ.

ತಳ್ಳಿದರು, ಹೊತ್ತಿಕೊಂಡಿತು. ಚರ್ಚೆಯಿಲ್ಲದೆ, ಹೆಡ್ ಆಫೀಸನ್ನು ಕೇಳದೆ ಅವರು ತಕ್ಷಣ ಮಾಡಿಕೊಟ್ಟ ಮೊದಲ ಕೆಲಸ ಅದು: ನನ್ನನ್ನು ಅಲ್ಲಿಂದ ತಳ್ಳಿ ಕಳಿಸಿದ್ದು.

ಸತ್ತವರ ಮನೆ ಮುಂದೆ

ವಿಠ್ಠಲವಾಡಿಯಲ್ಲಿ ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬನಿದ್ದಾನೆ, ವಿಜಯಪುರದ ಕಡೆಯವನು. ಗಾಡಿಯನ್ನು ದೂರದಿಂದಲೇ ನೋಡಿ, "ಬ್ಯಾಟರಿ ಸತ್ತೈತಿ ಅಣ್ಣಾರ" ಅಂದ.

ಮುಟ್ಟದೆ, ಅಳೆಯದೆ ಹೇಗೆ ಹೇಳುತ್ತೀಯೆಂದು ಕೇಳಿದೆ.

"ಸತ್ತವ್ರ ಮನಿ ಮುಂದ ನಿಂತ್ರ ಗೊತ್ತಾಗಂಗಿಲ್ಲೇನ್ರಿ?"

ಹೊಸ ಬ್ಯಾಟರಿ ಬಂತು. ಮುಂದಿನ ಸೋಮವಾರ ಭಾಷಣ ಮುಗಿಯಿತು, ಗಾಡಿ ಟಕ್. ಹಾಗಾದರೆ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಅಂದ. ಹೊಸ ರೆಗ್ಯುಲೇಟರ್ ಬಂತು, ಸೋಮವಾರವೂ ಬಂತು, ಟಕ್. ಹಾಗಾದರೆ ಎಂಜಿನ್ ತಿರುಗುವಾಗ ಆ ಕರೆಂಟನ್ನು ಹುಟ್ಟಿಸುವ ಕಾಯಿಲ್ ಸುಟ್ಟಿರಬೇಕು ಅಂದ. ಅದನ್ನೂ ಬದಲಿಸಿದ. ಯಾವುದನ್ನೂ ಮೀಟರ್ ಹಿಡಿದು ನೋಡಲಿಲ್ಲ. ನನ್ನ ಸಿಟ್ಟು ಅದಕ್ಕೇ. ಈ ದೇಶದಲ್ಲಿ ರೋಗ ಯಾವುದೆಂದು ಕೇಳುವ ಮೊದಲೇ ಮದ್ದು ಕೊಡುತ್ತಾರೆ. ಗೋದಾಮಿನಲ್ಲೂ ಅಷ್ಟೆ, ಪಾರ್ಸಲ್ ತಡವಾದರೆ ಸವಾರನನ್ನು ಬದಲಿಸುತ್ತಾರೆ, ರಸ್ತೆಯ ಹೊಂಡ ಅಲ್ಲೇ ಇರುತ್ತದೆ.

ನಾಲ್ಕನೆಯ ಸಲ ಗಾಡಿ ತಂದು ನಿಲ್ಲಿಸಿ ಇದನ್ನೆಲ್ಲ ಅವನ ಮುಖಕ್ಕೇ ಹೇಳಿದೆ. ಅವನು ಕೈಯೊರೆಸಿಕೊಳ್ಳುತ್ತಾ ಪೂರ್ತಿ ಕೇಳಿದ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಎಲ್ಲಾ ಬದಲಿ ಮಾಡೇನಿ ಅಣ್ಣಾರ. ಇನ್ನ ಉಳಿದಾವ್ರು ನೀವೊಬ್ಬರ."

ನಿಲ್ಲಿಸಬೇಡಿ

ಕೊನೆಗೆ ಠಾಣೆ ನಗರದ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದೆ. ಏಸಿ ಕೋಣೆ, ಗಾಜಿನ ಗೋಡೆ, ಆಚೆ ನಮ್ಮ ಗಾಡಿಯನ್ನು ಆಪರೇಷನ್‌ಗೆ ಮಲಗಿಸಿದ ಹಾಗೆ ಎತ್ತರದಲ್ಲಿ ಇಟ್ಟಿದ್ದರು. ನಾನು ನೋಡುತ್ತಾ ಕುಳಿತೆ. ಅವರು ಅಳೆದರು, ಅದನ್ನು ಒಪ್ಪಬೇಕು. ಟೈ ಕಟ್ಟಿದವನೊಬ್ಬ ಬಂದು ಎಲ್ಲವೂ ಸರಿಯಿದೆ, ಚಾರ್ಜಿಂಗಿನಲ್ಲಿ ದೋಷವೇ ಇಲ್ಲ ಅಂದ. ಮತ್ತೆ ಸೋಮವಾರ ಮಾತ್ರ ಏಕೆ ಸಾಯುತ್ತದೆ ಎಂದೆ. ಸೋಮವಾರ ಏನು ಮಾಡುತ್ತೀರಿ ಎಂದು ಕೇಳಿದ. ಭಿವಂಡಿಗೆ ಹೋಗಿ, ಗಾಡಿ ನಿಲ್ಲಿಸಿ, ಎರಡು ಗಂಟೆ ಮಾತಾಡುತ್ತೇನೆ ಎಂದೆ.

ಅವನ ಮುಖ ಅರಳಿತು. ಓಡುವಾಗ ಗಾಡಿಯಲ್ಲಿ ಏನೂ ತೊಂದರೆಯಿಲ್ಲ ಸರ್, ತೊಂದರೆ ನಿಲ್ಲಿಸಿದಾಗ. ನೀವು ನಿಲ್ಲಿಸದಿದ್ದರೆ ಸಾಕು ಅಂದ.

ಅವನ ಮೇಲೆ ಸಿಟ್ಟು ಬರಲಿಲ್ಲ, ನಗು ಬಂತು. ನಮ್ಮ ಸವಾರರಿಗೆ ಕಂಪನಿ ದಿನಾ ಹೇಳುವುದೂ ಇದನ್ನೇ. ಓಡುತ್ತಿರುವವರೆಗೆ ನಿನ್ನಲ್ಲಿ ದೋಷವಿಲ್ಲ.

ಗಾಡಿಗೂ ಕಿವಿ

ಇನ್ನೊಬ್ಬರನ್ನು ನಂಬಿ ಪ್ರಯೋಜನವಿಲ್ಲವೆಂದು ಕಲ್ಯಾಣದ ಅಂಗಡಿಯಿಂದ ಕರೆಂಟು ಅಳೆಯುವ ಒಂದು ಮಲ್ಟಿಮೀಟರ್ ತಂದೆ. ವಿಡಿಯೋ ನೋಡಿ ಕಲಿತೆ. ಭಾನುವಾರ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಹೆಂಡತಿಯನ್ನು ಆಕ್ಸಿಲರೇಟರ್ ತಿರುಗಿಸಲು ನಿಲ್ಲಿಸಿ, ನಾನು ಕೆಂಪು ಕಪ್ಪು ವೈರು ಹಿಡಿದು ಕುಕ್ಕರಗಾಲಲ್ಲಿ ಕೂತೆ. ಅಷ್ಟರಲ್ಲಿ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಓಡಿ ಬಂದರು. ಹಿಂದೊಮ್ಮೆ ನಾನು ನೀರಿನ ಟಾಂಕಿಯ ವಿಷಯಕ್ಕೆ ಧರಣಿ ಕೂತವನು. ಅವರು ವೈರನ್ನೂ ನನ್ನನ್ನೂ ನೋಡಿ, ಇದು ಲಿಫ್ಟಿನ ವಿಷಯ ಅಲ್ಲ ತಾನೇ ಎಂದು ಮೆಲ್ಲಗೆ ಕೇಳಿದರು. ಗಾಡಿಯ ವಿಷಯ ಅಂದೆ. ಒಂದು ಗಂಟೆಯಲ್ಲಿ ಲಿಫ್ಟಿನವರು ಬಂದು ಆರು ತಿಂಗಳಿಂದ ಕೆಟ್ಟಿದ್ದ ಲೈಟು ಹಾಕಿಹೋದರು.

ಮೀಟರಿನಲ್ಲಿ ಎಂಜಿನ್ ನಿಂತಿರುವಾಗ ಹನ್ನೆರಡೂವರೆ ವೋಲ್ಟು ದಾಟಿತ್ತು, ಹೆಂಡತಿ ಆಕ್ಸಿಲರೇಟರ್ ತಿರುಗಿಸಿದಾಗ ಹದಿನಾಲ್ಕರ ಮೇಲೆ ಹೋಯಿತು. ಅಂದರೆ ಚಾರ್ಜ್ ಚೆನ್ನಾಗಿಯೇ ಆಗುತ್ತಿದೆ. ಮರುದಿನ ಭಿವಂಡಿಯಲ್ಲಿ ಬ್ಯಾನರ್ ಕಟ್ಟುವ ಮೊದಲು ನೋಡಿದೆ, ಪೂರ್ತಿ ಇತ್ತು. ಭಾಷಣ ಮುಗಿಸಿ, ಬ್ಯಾನರ್ ಬಿಚ್ಚಿದ ಮೇಲೆ ನೋಡಿದೆ, ಹನ್ನೊಂದಕ್ಕೆ ಇಳಿದಿತ್ತು. ಇಷ್ಟರಲ್ಲಿ ಸವಾರರಲ್ಲೂ ಗುಸುಗುಸು ಶುರುವಾಗಿತ್ತು. ತನ್ನ ಗಾಡಿಯನ್ನೇ ನಡೆಸಲಾಗದವನು ನಮ್ಮ ಜಗಳವನ್ನೇನು ನಡೆಸುತ್ತಾನೆ ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಹಾಗೆ ಅವರು ಬರುವುದನ್ನೇ ಬಿಟ್ಟರೆ ನೀರೂ ಇಲ್ಲ, ಸೂರೂ ಇಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಕಾರ್ಕಳದವಳು, ಸಮಾಧಾನದ ಮಾತು ಅವಳ ಬಾಯಲ್ಲಿ ಬರುವುದಿಲ್ಲ.

"ನೀವು ಭಾಷಣ ಮಾಡಿದ ದಿನ ಮಾತ್ರ ಇಳಿಯುದಲ್ವಾ? ಗಾಡಿಗೂ ಕಿವಿ ಉಂಟು ಕಾಣ್ತದೆ" ಅಂದಳು. ತಟ್ಟೆಗೆ ಸಾರು ಬಡಿಸಿ ಅವಳೇ ಹೇಳಿದಳು, "ಮುಗಿದ ಮೇಲೆ ನೋಡುದೆಂತಕ್ಕೆ ಮಾರಾಯ್ರೆ? ಮಾತಾಡುವಾಗಲೇ ನೋಡಿ."

ಬ್ಯಾನರಿನ ಹಿಂದೆ

ಮುಂದಿನ ಸೋಮವಾರ ಜನ ಕಡಿಮೆಯೇನೂ ಇರಲಿಲ್ಲ. ಎಂದಿನಂತೆ ಕೆಲವರು ನನ್ನ ಮುಂದೆ, ಹೆಚ್ಚಿನವರು ನನ್ನ ಬೆನ್ನ ಹಿಂದೆ, ಗಾಡಿಗೆ ಒತ್ತಿಕೊಂಡು. ಬೆನ್ನ ಹಿಂದಿನವರ ಮೇಲೆ ನನಗೆ ವಿಶೇಷ ಅಭಿಮಾನ. ಎಷ್ಟೇ ಉದ್ದ ಮಾತಾಡಿದರೂ ಅವರು ಕದಲುತ್ತಿರಲಿಲ್ಲ. ಮುಗಿಸಲು ಹೊರಟರೆ ಇನ್ನೂ ಸ್ವಲ್ಪ ಮಾತಾಡಿ ಎಂದು ಒತ್ತಾಯಿಸುತ್ತಿದ್ದರು.

ಭಾಷಣದ ನಡುವೆ, ಕಾರ್ಮಿಕನ ರಕ್ತ ಹೀರುವವರ ಬಗ್ಗೆ ಮಾತಾಡುತ್ತಿದ್ದವನು ಥಟ್ಟನೆ ನಿಲ್ಲಿಸಿ, ಮೀಟರ್ ತೆಗೆದು, ಹಿಂತಿರುಗಿ ಬ್ಯಾನರ್ ಎತ್ತಿದೆ.

ಹ್ಯಾಂಡಲ್ಲಿನ ಮೇಲೆ ನಾನೇ ಕೂರಿಸಿಕೊಂಡಿದ್ದ ಮೊಬೈಲ್ ಚಾರ್ಜರ್ ಒಂದಿತ್ತು, ಕೀಲಿಯಿಲ್ಲದೆಯೂ ನಡೆಯುವಂತೆ ನೇರ ಬ್ಯಾಟರಿಗೆ ಜೋಡಿಸಿದ್ದು. ಅದಕ್ಕೆ ಯಾರೋ ನಾಲ್ಕು ಬಾಯಿಯ ಪ್ಲಗ್ಗು ಸಿಕ್ಕಿಸಿದ್ದರು. ಹೆತ್ತ ನಾಯಿಯ ಹೊಟ್ಟೆಗೆ ಮರಿಗಳು ಜೋತುಬಿದ್ದ ಹಾಗೆ ಅದಕ್ಕೆ ಫೋನುಗಳು ಜೋತುಬಿದ್ದಿದ್ದವು. ಪೆಟ್ರೋಲ್ ಟಾಂಕಿಯ ಮೇಲೆ ಇನ್ನಷ್ಟು ಫೋನುಗಳು ಸರದಿಯಲ್ಲಿ ಕಾಯುತ್ತಿದ್ದವು. ಭಾಷಣ ಮುಗಿಯುತ್ತಿದ್ದಂತೆ ಎಲ್ಲವೂ ಅವರವರ ಜೇಬಿಗೆ, ಆಮೇಲೆ ನಾನು ಬ್ಯಾನರ್ ಬಿಚ್ಚುವುದು. ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ದೋಷ ಸಿಗುವುದಾದರೂ ಹೇಗೆ?

ಇನ್ನೂ ಮಾತಾಡಿ ಎಂದು ಅತಿ ಹೆಚ್ಚು ಒತ್ತಾಯಿಸುತ್ತಿದ್ದ ಸವಾರ ತಲೆ ತಗ್ಗಿಸಿ ನಿಂತ. ಬೆಳಿಗ್ಗೆಯಿಂದ ಆ್ಯಪ್ ತೆರೆದೇ ಇರಬೇಕು, ಮಧ್ಯಾಹ್ನಕ್ಕೆ ಫೋನ್ ಸಾಯುತ್ತದೆ, ಫೋನ್ ಸತ್ತರೆ ಕಂಪನಿಯ ಲೆಕ್ಕದಲ್ಲಿ ನಾವು ಕೆಲಸಕ್ಕೇ ಬಂದಿಲ್ಲ, ಒಳಗೆ ಪ್ಲಗ್ ಮುಟ್ಟಲು ಬಿಡುವುದಿಲ್ಲ ಎಂದ. ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಕೇಳಿದೆ.

"ಯಾವಾಗ ಹೇಳೋದು ದಾದಾ? ನೀವು ಮಾತಾಡ್ತಾನೇ ಇದ್ರಿ."

ಮೀಟರ್ ಜೇಬಿಗಿಟ್ಟು ನೆಟ್ಟಗೆ ಮ್ಯಾನೇಜರನ ಕೋಣೆಗೆ ನಡೆದೆ. ಮೂರು ಬೇಡಿಕೆಗೆ ನಾಲ್ಕನೆಯದು ಸೇರಿದೆ, ಗೇಟಿನ ಬಳಿ ಪ್ಲಗ್ ಪಾಯಿಂಟ್ ಬೇಕು ಅಂದೆ. ಫೋನ್ ಸತ್ತರೆ ನಿನ್ನ ಪಾರ್ಸಲ್ಲೂ ಹೋಗುವುದಿಲ್ಲ ಅಂದೆ. ಅವನು ಕೂಡಲೇ ಫೋನಿನಲ್ಲಿ ಯಾರೊಡನೆಯೋ ಮಾತಾಡಿದ.

"ಇದು ಆಗುತ್ತೆ ಸಾರ್. ಆದ್ರೆ ಬಯಲಲ್ಲಿ ಹಾಕೋಕೆ ಸೇಫ್ಟಿಯವರು ಒಪ್ಪಲ್ಲ. ಮಳೆ ಬಿದ್ರೆ ಶಾರ್ಟ್ ಆಗುತ್ತಲ್ಲ, ಮೇಲೆ ಶೀಟ್ ಹಾಕ್ಲೇಬೇಕು."

"ಮನುಷ್ಯರ ಮೇಲೆ ಮಳೆ ಬಿದ್ದರೆ?"

ಅವನು ನಿಜಕ್ಕೂ ಯೋಚಿಸಿದ. "ಅವರು ಶಾರ್ಟ್ ಆಗಲ್ವಲ್ಲ ಸಾರ್."

ವಾರದೊಳಗೆ ಶೀಟು ಬಂತು. ಮನುಷ್ಯನಿಗಾಗಿ ಬೇಡಿದಾಗ ಸಿಗದ ಸೂರು ಪ್ಲಗ್ಗಿನ ಹೆಸರಿನಲ್ಲಿ ಸಿಕ್ಕಿತು. ಅಗಲವಾಗಿಯೇ ಹಾಕಿದ್ದರು. ಒಳ ಅಂಗಳದಲ್ಲಿದ್ದ ಕುಡಿಯುವ ನೀರಿನ ಡ್ರಮ್ಮನ್ನೂ ಅದರ ಕೆಳಗಿಟ್ಟರು, ಬಿಸಿಲಿಗೆ ಪ್ಲಾಸ್ಟಿಕ್ ಹಾಳಾಗುತ್ತದಂತೆ, ನೆರಳಿಗೆ ತಂದದ್ದು.

ಆಮೇಲಿನ ಸೋಮವಾರ ಹೋದಾಗ ಸವಾರರೆಲ್ಲ ಶೀಟಿನ ಕೆಳಗೆ, ಪ್ಲಗ್ಗುಗಳ ಮುಂದೆ. ನಾನು ಗೇಟಿನೆದುರು ಬ್ಯಾನರ್ ಕಟ್ಟಿ ಶೌಚಾಲಯದ ವಿಷಯ ಎತ್ತಿದೆ. ಬೆನ್ನ ಹಿಂದೆ ಯಾರೂ ಇರಲಿಲ್ಲ. ಮುಂದೆ ವಾಚ್‌ಮನ್ ಇದ್ದ, ಅವನು ಡ್ಯೂಟಿಯಲ್ಲಿದ್ದ. ಹತ್ತೇ ನಿಮಿಷಕ್ಕೆ ಭಾಷಣ ಮುಗಿಸಿದೆ. ಬ್ಯಾನರ್ ಮಡಚಿ, ಯಾವ ಭರವಸೆಯೂ ಇಲ್ಲದೆ ಸೆಲ್ಫ್ ಒತ್ತಿದೆ.

ಒಂದೇ ಒತ್ತಿಗೆ ಗಾಡಿ ಗುಡುಗಿತು.

ಶೀಟಿನ ಕೆಳಗಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು. ಮೇಲೆ ಕಿಟಕಿಯಲ್ಲಿ ಮ್ಯಾನೇಜರ್ ಕೂಡ ಚಪ್ಪಾಳೆ ತಟ್ಟುತ್ತಿದ್ದ. ಇಷ್ಟು ವರ್ಷದಲ್ಲಿ ನನ್ನ ಯಾವ ಭಾಷಣಕ್ಕೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಗಾಡಿ ನೋಡಲೆಂದು ಸವಾರರು ಹತ್ತಿರವೂ ಬಂದರು.

ನಾನು ಗಾಡಿ ಆಫ್ ಮಾಡಿದೆ, ಕೆಳಗಿಳಿದೆ, ಮಡಚಿದ್ದ ಬ್ಯಾನರನ್ನು ಮತ್ತೆ ಕಟ್ಟಿದೆ. ಜನ ಸೇರಿದ್ದರು, ಶೌಚಾಲಯದ ವಿಷಯ ಇನ್ನೂ ಬಾಕಿ ಇತ್ತು.