ಕೈ ಅಳೆಯುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ನಿಮಗೆಲ್ಲಾದರೂ ಎದುರಾದರೆ ದಯವಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ! ಕಳ್ಳರೇನಲ್ಲ, ಪಾಪ. ಆದರೆ "ಎಲ್ಲಿ, ಕೈ ಕೊಡಿ ನೋಡೋಣ" ಎಂದು ನಿಮ್ಮ ಬಲಗೈಯನ್ನು ಒಮ್ಮೆ ಹಿಡಿದರೋ, ಮುಗಿಯಿತು. ಒಂದೊಂದೇ ಬೆರಳು ಮಡಿಸಿ, ಬಿಡಿಸಿ, ಅಂಗೈ ತೂಗಿ, ಕಣ್ಣು ಮುಚ್ಚಿ ಕೂತುಬಿಡುತ್ತಾರೆ. "ಬಸ್ ಹೋಗುತ್ತೆ, ಬಿಡಿ ಚಿಕ್ಕಪ್ಪ" ಎಂದು ಗೋಗರೆಯದೆ ಅವರಿಂದ ಕೈ ಬಿಡಿಸಿಕೊಂಡವರು ನಮ್ಮ ನೆಂಟರಲ್ಲಿ ಒಬ್ಬರೂ ಇಲ್ಲ.

ಭವಿಷ್ಯ ಹೇಳುತ್ತಾರೆಯೇ ಎನ್ನುತ್ತೀರಾ? ಹಾಗೆಂದುಕೊಂಡೇ ಮುಳಬಾಗಿಲಿನ ಮದುವೆಯೊಂದರಲ್ಲಿ ಹೆಂಗಸೊಬ್ಬರು ತಾವೇ ಬಂದು ಕೈ ಚಾಚಿದ್ದರು. ಬಹಳ ಹೊತ್ತು ನೋಡಿ ಚಿಕ್ಕಪ್ಪ ಗಂಭೀರವಾಗಿ ನುಡಿದರು: "ಹೆಬ್ಬೆರಳು ಗಿಡ್ಡ ತಾಯಿ. ನಿಮ್ಗೆ ಹಿಡಿ ಸ್ವಲ್ಪ ಕೆಳಗಿರ್ಬೇಕು."

ಹಿಡಿ ಎಂದರೆ ಟೀ ಕಪ್ಪಿನ ಹಿಡಿ. ಚಿಕ್ಕಪ್ಪನಿಗೆ ಕೆಲಸ ಮಾಲೂರಿನ ದೊಡ್ಡ ಟೈಲ್ಸ್ ಫ್ಯಾಕ್ಟರಿಯೊಂದರಲ್ಲಿ. ಮುಂದುಗಡೆ ಮೆಷಿನ್ನು ಹಗಲೂ ರಾತ್ರಿ ಒಂದೇ ಅಚ್ಚಿನ ಟೈಲ್ಸ್ ಉದುರಿಸುತ್ತಿರುತ್ತದೆ. ಹಿಂದುಗಡೆ ಒಂದು ಶೆಡ್ಡು, ಒಂದು ಚಕ್ರ, ಒಬ್ಬರು ಚಿಕ್ಕಪ್ಪ. ಬೆಂಗಳೂರಿನ ಅಂಗಡಿಗಳಿಗೆಂದು ಕಪ್ಪು, ಬಟ್ಟಲು, ಹೂಜಿಗಳನ್ನು ಕೈಯಲ್ಲೇ ಮಾಡುತ್ತಾರೆ. ಮೊದಲು ನಾಲ್ಕೈದು ಜನ ಇದ್ದರಂತೆ. ಒಬ್ಬೊಬ್ಬರೇ ಮೆಷಿನ್ನಿನ ಕಡೆಗೆ ಹೋದರು. ಅಲ್ಲಿ ಫ್ಯಾನ್ ಇದೆಯಲ್ಲ! ಈಗ ಊಟದ ಗಂಟೆ ಹೊಡೆದರೂ ಶೆಡ್ಡಿಗೆ ಕೇಳಿಸುವುದಿಲ್ಲ, ಬಂದು ಹೇಳುವವರೂ ಇಲ್ಲ.

ಒಮ್ಮೆ ಕ್ವಾಲಿಟಿ ನೋಡುವ ಹೊಸ ಸಾಹೇಬರು ಸ್ಕೇಲ್ ಹಿಡಿದುಕೊಂಡು ಬಂದರಂತೆ.

"ಏನ್ರೀ ಇದು, ಒಂದರ ಹಾಗೆ ಇನ್ನೊಂದಿಲ್ಲ!"

"ಸಾರ್, ನಿಮ್ಮನೇಲಿ ಎಲ್ರ ಕೈಯೂ ಒಂದೇ ಥರ ಇದ್ಯಾ?"

"ನಮ್ಮನೇಲಿ ಎಲ್ರೂ ಸ್ಟೀಲ್ ಲೋಟದಲ್ಲಿ ಕುಡೀತೀವಿ ಕಣ್ರೀ."

ಆವತ್ತು ಚಿಕ್ಕಪ್ಪ ಊಟ ಮಾಡಲಿಲ್ಲ.

ಈ ಕೈ ಹುಚ್ಚೇ ಅವರ ಮದುವೆಗೂ ಕಲ್ಲು ಹಾಕಿದ್ದು. ನಂಗಲಿಗೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿ ಕಾಫಿ ತಂದು ಮುಂದೆ ಹಿಡಿದಳು. ಇವರು ಲೋಟ ಬಿಟ್ಟು ಹುಡುಗಿಯ ಕೈಯನ್ನೇ ಹಿಡಿದುಕೊಂಡರು! "ಏಮಯ್ಯಾ, ಇನ್ನೂ ತಾಂಬೂಲನೇ ಆಗಿಲ್ಲ!" ಎಂದು ಹುಡುಗಿಯ ಅಪ್ಪ ಎದ್ದು ನಿಂತರು. "ಏನಿಲ್ಲ ಸ್ವಾಮಿ, ಅಳತೆ ನೋಡ್ತಿದ್ದೆ" ಅಂದರಂತೆ ಇವರು. ಹಾಗಂದವರಿಗೆ ಯಾರು ತಾನೇ ಹೆಣ್ಣು ಕೊಡುತ್ತಾರೆ? ಕಂಡಕಂಡವರ ಕೈ ಹಿಡಿದ ಚಿಕ್ಕಪ್ಪನಿಗೆ ಕೈ ಹಿಡಿಯುವವಳೊಬ್ಬಳು ಮಾತ್ರ ಸಿಗಲೇ ಇಲ್ಲ.

ಫ್ಯಾಕ್ಟರಿಯ ಹಿಂದಿನ ಒಂದು ಕೋಣೆಯಲ್ಲಿ ಅವರ ವಾಸ. ಗೋಡೆಗೊಂದು ಹಲಗೆ, ಹಲಗೆಯ ತುಂಬ ನಮ್ಮೆಲ್ಲರ ಕಪ್ಪುಗಳು. ಯಾರ ಕೈ ಅಳೆದರೋ ಅವರಿಗೊಂದು ಕಪ್ಪು. ನನ್ನದರ ಹಿಡಿಯ ಕೆಳಗೆ ಒಂದು ಗುಳಿ ಇದೆ. ಚಿಕ್ಕಂದಿನಲ್ಲಿ ಶ್ರೀನಿವಾಸಪುರದ ನಮ್ಮ ತೋಪಿನಲ್ಲಿ ಮಾವಿನ ಮರದಿಂದ ಬಿದ್ದು ಸೊಟ್ಟಗಾದ ನನ್ನ ಕಿರುಬೆರಳು ಕೂರಲೆಂದು ಮಾಡಿದ ಗುಳಿ. ಒಬ್ಬರ ಕಪ್ಪಿನಲ್ಲಿ ಇನ್ನೊಬ್ಬರು ಕುಡಿಯುವ ಹಾಗಿಲ್ಲ, "ಎಂಜಲು ಮಾಡ್ಬೇಡಿ!" ಎಂದು ಅರಚುತ್ತಾರೆ. ಒಂದು ದಿನ ವಾಚ್‌ಮನ್ ಬಂದು ಟೀ ಕೇಳಿದ. ಅವನ ಕಪ್ಪು ಹಲಗೆಯ ಮೇಲೆ ಇರಲಿಲ್ಲ. ಕೈ ಅಳೆದು, "ಇನ್ನು ಮಾಡಿ, ಒಣಗ್ಸಿ, ಸುಡ್ಬೇಕು. ಎರಡು ವಾರ ಬಿಟ್ಟು ಬಾಪ್ಪ, ಟೀ ಕೊಡ್ತೀನಿ" ಅಂದರಂತೆ! ಅವನು ಗೇಟಿನ ಎದುರಿನ ಅಂಗಡಿಗೆ ಹೋದವನು ಮತ್ತೆ ಬರಲಿಲ್ಲ. ಅವನ ಕಪ್ಪು ಮಾತ್ರ ಹಲಗೆಯ ಮೇಲೆ ಸಿದ್ಧವಾಗಿದೆ.

ಇಷ್ಟೆಲ್ಲ ಮಾಡಿ ಕಪ್ಪನ್ನು ಮನೆಗೆ ಕೊಟ್ಟು ಕಳಿಸುತ್ತಾರೆಯೇ? ಊಹೂಂ! ಯಲ್ದೂರಿನ ನಮ್ಮತ್ತೆ, ಅಂದರೆ ಚಿಕ್ಕಪ್ಪನ ಅಕ್ಕ, ಹಣ್ಣು ತಂದಿದ್ದ ಚೀಲದಲ್ಲಿ ತಮ್ಮ ಕಪ್ಪನ್ನು ಅಡಗಿಸಿಕೊಂಡು ಬಸ್ ಹತ್ತಿದ್ದರು. ಚಿಕ್ಕಪ್ಪ ಬಸ್‌ಸ್ಟ್ಯಾಂಡಿಗೇ ಓಡಿ ಬಂದು, ಕಿಟಕಿಯೊಳಗೆ ಕೈ ತೂರಿಸಿ ವಸೂಲು ಮಾಡಿದರು.

"ಲೇ ಜಿಪುಣ, ಅದು ನಂದಲ್ವೇನೋ?"

"ನಿಂದೇ ಕಣಕ್ಕ. ಇಲ್ಲೇ ಇರುತ್ತೆ. ಬಂದಾಗ ಕುಡಿ."

"ಒಂದು ಟೀ ಕುಡಿಯೋಕೆ ಎರಡೆರಡು ಬಸ್ ಹತ್ತಿ ಬರ್ಲಾ? ಪಿಚ್ಚೋಡೇ ನೀನು, ಪೂರಾ ಹುಚ್ಚ!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅತ್ತೆ ಆಮೇಲೆ ಮಾಲೂರಿಗೆ ಹೋಗಲಿಲ್ಲ. ನಾವೂ ಅಷ್ಟೇ. "ಜಿಪುಣ ಚಿಕ್ಕಪ್ಪ" ಎಂದು ಹೆಸರಿಟ್ಟು ಫೋನಿನಲ್ಲಿ ನಗುತ್ತಿದ್ದೆವು.

ಹೋದ ತಿಂಗಳು ಮಾಲೂರಿನಲ್ಲಿ ಒಂದು ಗೃಹಪ್ರವೇಶವಿತ್ತು. ಊಟ ಮುಗಿದರೂ ಕೋಲಾರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೇಳದೆ ಕೇಳದೆ ಚಿಕ್ಕಪ್ಪನ ಕೋಣೆಯತ್ತ ಹೋದೆ. ಒಳಗಿನಿಂದ ಮಾತು ಕೇಳಿಸುತ್ತಿತ್ತು. "ಸಕ್ಕರೆ ಜಾಸ್ತಿ ಆಯ್ತೇನಮ್ಮ? ಮಕ್ಳು ಹೆಂಗವ್ರೆ?" ಅಬ್ಬ, ಕೊನೆಗೂ ಯಾರೋ ಟೀಗೆ ಬಂದಿದ್ದಾರಲ್ಲ ಎಂದು ಬಾಗಿಲು ತಳ್ಳಿದೆ.

ಚಿಕ್ಕಪ್ಪ ಒಬ್ಬರೇ ಕೂತಿದ್ದರು. ಕೈಯಲ್ಲಿ ಗುಳಿಯಿದ್ದ ಕಪ್ಪು. ನನ್ನದು!

ಕದ್ದು ಸಿಕ್ಕಿಬಿದ್ದವರಂತೆ ದಡಬಡಿಸಿ ಎದ್ದರು. "ಅಯ್ಯೋ, ನಿನ್ ಕಪ್ಪು ಎಂಜಲು ಮಾಡ್ಬಿಟ್ನಲ್ಲಮ್ಮ! ದಿನಾ ಒಬ್ಬೊಬ್ರದ್ರಲ್ಲಿ ಕುಡೀತೀನಿ... ಬಂದಂಗಿರುತ್ತೆ. ನಿನ್ನೆ ಅಕ್ಕಂದು, ಇವತ್ತು ನಿನ್ ಸರದಿ. ತಾಳು, ತೊಳ್ದು ಕೊಡ್ತೀನಿ."

ಅವರ ಕೈಯಿಂದ ಕಪ್ಪು ಕಿತ್ತುಕೊಂಡು, ಉಳಿದಿದ್ದ ಟೀಯನ್ನು ಹಾಗೆಯೇ ಕುಡಿದುಬಿಟ್ಟೆ. ಸಕ್ಕರೆ ನಿಜಕ್ಕೂ ಜಾಸ್ತಿಯಾಗಿತ್ತು.

"ನಿಮ್ದು ಯಾವ್ದು ಚಿಕ್ಕಪ್ಪ?"

ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು. "ನಂದಾ? ನನ್ ಕೈ ಯಾರಮ್ಮ ಅಳೆದ್ರು?"

"ಕೊಡಿ ಇಲ್ಲಿ" ಅಂದೆ.

ಎರಡೂ ಕೈಗಳಿಂದ ಅವರ ಕೈ ಹಿಡಿದುಕೊಂಡೆ. ಉಗುರಿನ ಸಂದಿಯಲ್ಲಿ ಮಣ್ಣು ಒಣಗಿತ್ತು. ಅಳೆಯುವುದು ನನಗೇನು ಬರುತ್ತದೆ? ಸುಮ್ಮನೆ ಹಿಡಿದು ಕೂತೆ.

"ಬಸ್ ಹೋಗುತ್ತೆ, ಬಿಡಮ್ಮ" ಅಂದರು ಚಿಕ್ಕಪ್ಪ.

"ಹೋಗ್ಲಿ ಬಿಡಿ" ಅಂದೆ.