ರೊಟ್ಟಿ ಹೆಚ್ಚಾಗ್ಯಾವ್ರಿ

ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಚಟ ನನಗೆ ಮೊದಲಿನಿಂದಲೂ ಇತ್ತು. ಅದಕ್ಕೆ ಸಂಬಳವೂ ಸಿಗತೊಡಗಿದ್ದು ಮಾತ್ರ ಹಾವೇರಿಗೆ ಬಂದ ಮೇಲೆ. ಸಣ್ಣ ಅಂಗಡಿ, ಖಾನಾವಳಿ ನಡೆಸಿ ಸೋತು ಸುಣ್ಣವಾಗುತ್ತಿರುವವರ ಬಳಿ ಹೋಗಿ ಕೂತು, ಎಲ್ಲಿ ಎಡವಿದ್ದಾರೆಂದು ನೋಡಿ ದಾರಿ ತೋರಿಸುವ ಕೆಲಸ. ನಾನೋ ಮೈಸೂರಿನವನು, ಕನ್ನಡ ಬರುತ್ತದೆ ಎಂಬ ಧೈರ್ಯ ಬೇರೆ. ರಾಣೆಬೆನ್ನೂರಿನಲ್ಲಿ ನಾನು ಕೊಟ್ಟ ಮೊದಲ ತರಬೇತಿಯಲ್ಲೇ ಒಬ್ಬ ಟೇಲರ್ ಎದ್ದು ನಿಂತು, "ಸರ್, ನಿಮ್ಮ ಬುದ್ಧಿ ಬಾಳ ಹೆಚ್ಚಾಗೇತ್ರಿ" ಎಂದ. ಎಲ್ಲರೂ ನಕ್ಕರು. ಆ ಖುಷಿಗೆ ನಾನು ಇನ್ನೂ ಅರ್ಧ ಗಂಟೆ ಮಾತಾಡಿದೆ.

ಬ್ಯಾಡಗಿಯ ಗಂಗವ್ವ ಸಿಕ್ಕಿದ್ದು ಆಮೇಲೆ. ಮೆಣಸಿನಕಾಯಿ ಮಾರುಕಟ್ಟೆಯ ಎದುರು ಖಾನಾವಳಿ; ಗಂಡ ತೀರಿಕೊಂಡ ಮೇಲೆ ಒಬ್ಬರೇ ರೊಟ್ಟಿ ಬಡಿದು ನಡೆಸುತ್ತಿದ್ದರು. ಘಾಟಿಗೆ ಸೀನುತ್ತಲೇ, ವ್ಯಾಪಾರ ಹೇಗಿದೆ ಎಂದು ಕೇಳಿದೆ.

"ಏನ್ ಹೇಳ್ಲಿರಿ ಸರ್, ದಿನಾ ರೊಟ್ಟಿ ಹೆಚ್ಚಾಗ್ತಾವ. ಹಮಾಲ ಮಂದಿ ಬಂದು ಹಂಗ ಹೊಳ್ಳಿ ಹೋಗ್ತಾರ. ಅವ್ರು ಬಾಜೂ ಖಾನಾವಳಿಗೆ ಹೊಂದಿಕೊಂಡ್ರಂದ್ರ ನಾ ಬಾಗಲಾ ಮುಚ್ಚೋದ ಸೈ."

ರೊಟ್ಟಿ ಮಿಗುತ್ತಿದೆ, ಜನ ತಿನ್ನದೆ ಹೋಗುತ್ತಿದ್ದಾರೆ. ಇಷ್ಟು ಸುಲಭದ ಕಾಯಿಲೆ ನನಗೆ ಅದುವರೆಗೆ ಸಿಕ್ಕಿರಲಿಲ್ಲ. "ಹಿಟ್ಟು ಅರ್ಧಕ್ಕೆ ಇಳಿಸಿ" ಎಂದೆ. ಗಂಗವ್ವ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಆತ್ರಿ" ಎಂದರು.

ಮುಂದಿನ ವಾರ ಹೋದರೆ, "ಈಗ ಇನ್ನೂ ಲಗೂ ಹೆಚ್ಚಾಗ್ತಾವ್ರಿ" ಅನ್ನಬೇಕೆ! ಹಿಟ್ಟು ಇಳಿಸಿದರೆ ರೊಟ್ಟಿ ಇನ್ನೂ ಬೇಗ ಹೆಚ್ಚುವ ಈ ಪವಾಡ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಎದೆಗುಂದದೆ, ಇನ್ನಷ್ಟು ಇಳಿಸಲು ಹೇಳಿ ಬಂದೆ.

ಮತ್ತೆ ಹೋದ ದಿನ ನನಗೂ ಹಸಿವಾಗಿತ್ತು. ಬೆಂಚುಗಳು ಖಾಲಿ. ಎರಡು ರೊಟ್ಟಿ ಕೊಡಿ ಎಂದೆ.

"ಹೆಚ್ಚಾಗ್ಯಾವ್ರಿ ಸರ್."

"ಹಾಗಾದರೆ ನಾಲ್ಕು ಹಾಕಿ."

ಗಂಗವ್ವ ಒಳಗೆ ಹೋಗಿ ರೊಟ್ಟಿ ಬುಟ್ಟಿಯನ್ನೇ ತಂದು ತೋರಿಸಿದರು. ಬರಿದು. "ಉಣ್ಣೋ ಪದಾರ್ಥಕ್ಕ ಇಲ್ಲ, ತೀರ್ತು ಅನ್ನಬಾರದ್ರಿ. ಅದಕ್ಕ ಹೆಚ್ಚಾಗೇತಿ ಅಂತೀವಿ."

"ಮತ್ತೆ ಹಿಟ್ಟು ಇಳಿಸಿ ಅಂದಾಗ ನನ್ನ ಮಾತು ಯಾಕೆ ಕೇಳಿದಿರಿ?"

"ಕಲತ ಮಂದಿ, ಏನರ ಲೆಕ್ಕ ಇರಬೇಕು ಅಂದ್ಕೊಂಡೇರಿ" ಎಂದು ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡರು. ನನಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ನಂಬಿದ ಹೆಂಗಸಿನ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ.

ಅಂದೇ ಓಡಾಡಿ ಇನ್ನೊಂದು ಒಲೆ, ಇನ್ನೊಂದು ಹಂಚು ತಂದೆವು. ಜೊತೆಗೆ ರೊಟ್ಟಿ ಬಡಿಯಲು ಪಕ್ಕದ ಓಣಿಯ ಹುಸೇನಬಿ ಬಂದರು. ನಾನು ಮಾರುಕಟ್ಟೆಯೊಳಗೆ ಹೋಗಿ, ಸೀನಿನ ನಡುವೆ ಬಿಡುವು ಸಿಕ್ಕಾಗಲೆಲ್ಲ, "ಗಂಗವ್ವನ ಹತ್ತಿರ ರೊಟ್ಟಿ ಇವೆ, ಬನ್ನಿ" ಎಂದು ಹಮಾಲರನ್ನು ಕರೆದೆ. ನನ್ನ ಅವಸ್ಥೆ ನೋಡಿ ಕನಿಕರಪಟ್ಟೋ ಏನೋ, ಒಬ್ಬೊಬ್ಬರಾಗಿ ಮರಳಿ ಬಂದರು. ಸುಗ್ಗಿ ಮುಗಿದರೂ ಖಾನಾವಳಿಯ ಬಾಗಿಲು ಮುಚ್ಚಲಿಲ್ಲ.

ಒಂದು ಮಧ್ಯಾಹ್ನ ತುಂಬಿದ ಬೆಂಚಿನಲ್ಲಿ ಒತ್ತಿ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಪರವಾಗಿಲ್ಲ, ನನ್ನಿಂದಲೂ ಒಬ್ಬರಿಗೆ ಉಪಕಾರವಾಯಿತು ಎಂದು ಸಮಾಧಾನವಾಗುತ್ತಿದ್ದಾಗ, ಇದ್ದಕ್ಕಿದ್ದಂತೆ ರಾಣೆಬೆನ್ನೂರಿನ ಆ ಟೇಲರ್ ನೆನಪಾದ. ನನ್ನ ಬುದ್ಧಿ 'ಹೆಚ್ಚಾಗೇತ್ರಿ' ಎಂದು ಅವನು ಅಂದಾಗ ಎಲ್ಲರೂ ಯಾಕೆ ನಕ್ಕಿದ್ದರೆಂದು ಹೊಳೆದು, ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ.